ಚಿಕ್ಕಪ್ಪನಿಗೆ ಕಡಲಾಚೆ ಒಂದು ಎಡೆ

ಬಂಡಳ್ಳಿ

ಸಿಂಗಪುರಕ್ಕೆ ಹೋಗಿಬಂದವರು ಅಲ್ಲಿನ ಕಟ್ಟಡಗಳ ಎತ್ತರವನ್ನೂ ರಸ್ತೆಗಳ ಚೊಕ್ಕಟವನ್ನೂ ಹೊಗಳಬೇಕೆಂದು ಊರವರು ಕಾಯುತ್ತಿರುತ್ತಾರೆ. ಹೊಗಳಲಾರೆನೆಂದಲ್ಲ. ಆದರೆ ಆ ಊರಿನ ಬಗ್ಗೆ ನಾನು ಎದೆ ತಟ್ಟಿ ಹೇಳಬಲ್ಲ ಸಂಗತಿ ಒಂದೇ: ಅಲ್ಲಿ ರಾಗಿ ಮುದ್ದೆ ಕಟ್ಟುವುದು ಬಲು ಕಷ್ಟ. ಅದನ್ನು ಕಟ್ಟಲೆಂದೇ ನಾವು ಕಡಲು ದಾಟಿದ್ದು ಎಂದರೂ ಸುಳ್ಳಾಗದು.

ನಮ್ಮೂರು ಬಂಡಳ್ಳಿ ಇರುವ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೊಂದು ವರ್ಷವಾಗಿತ್ತು. ನಾನು ಹನೂರಿನ ಶಾಲೆಯಲ್ಲಿ ಮೇಡಂ ಆಗಿದ್ದೆ. ನನ್ನಕ್ಕ ರಾಜಮ್ಮನ ಗಂಡ ಕೊಳ್ಳೇಗಾಲದ ರೇಷ್ಮೆ ಸೀರೆಯ ಒಳಹೊರಗು ಬಲ್ಲವನು, ಸಿಂಗಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಕ್ಕನಿಗೆ ಅಲ್ಲಿ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಯಾರಾದರೂ ಬನ್ನಿ ಎಂದು ಕಾಗದ ಬಂತು. ನಮ್ಮವ್ವ ಕಾವೇರಿ ಸೇತುವೆ ದಾಟುವಾಗಲೇ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುವವಳು, ಕಡಲಿನ ಮಾತು ಎತ್ತುವಂತೆಯೇ ಇರಲಿಲ್ಲ. ಉಳಿದವಳು ಅಪ್ಪನ ಅಕ್ಕ, ನಮ್ಮ ಸೋದರತ್ತೆ ಪುಟ್ಟಮಾದಮ್ಮ. ಅರವತ್ತು ದಾಟಿದ್ದರೂ ಕಲ್ಲುಗುಂಡಿನಂತಿದ್ದಳು. ಅವಳು ಒಂದೇ ಷರತ್ತು ಹಾಕಿದಳು.

"ಮಾದಯ್ಯ ಇರೋ ಜಾಗ್ದಲ್ಲಿ ಒಂದ್ ಎಡೆ ಇಕ್ಕಾಕೆ ಕರ್ಕೊಂಡೋಯ್ತೀನಿ ಅಂದ್ರೆ ಬತ್ತೀನಿ. ಇಲ್ದಿದ್ರೆ ನಿಮ್ ಸಿಂಗಾಪುರ ನಿಮ್ಗೇ ಇರ್ಲಿ ಕಣಮ್ಮಿ."

ಮಾದಯ್ಯ ನನ್ನ ಚಿಕ್ಕಪ್ಪ. ತಾಯಿ ಸತ್ತ ಮೇಲೆ ಅಪ್ಪನನ್ನೂ ಅವನನ್ನೂ ಬೆಳೆಸಿದವಳು ಅತ್ತೆಯೇ. ನಮ್ಮ ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಸೌದೆ ಗಾಡಿಯ ಜೊತೆ ಕೊಯಮತ್ತೂರಿಗೆ ಹೋದ ಚಿಕ್ಕಪ್ಪ ಮಿಲಿಟರಿಗೆ ಸೇರಿಕೊಂಡುಬಿಟ್ಟ. ಒಂದು ಸಲ ರಜೆಗೆ ಬಂದಿದ್ದ. ಆಮೇಲೆ ಯುದ್ಧ ಬಂತು, ಸಿಂಗಪುರ ಬಿತ್ತು. 'ಕಾಣೆಯಾಗಿದ್ದಾರೆ' ಎಂದು ಒಂದು ಕಾಗದ, ಎಷ್ಟೋ ದಿನದ ಮೇಲೆ 'ತೀರಿಕೊಂಡಿದ್ದಾರೆ' ಎಂದು ಇನ್ನೊಂದು. ಹೆಣವಿಲ್ಲ, ಬೂದಿಯಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮಾಲಯ ಅಮಾವಾಸ್ಯೆಗೆ ತಾತನ ಎಡೆಯ ಪಕ್ಕದಲ್ಲಿ ಚಿಕ್ಕಪ್ಪನದೂ ಒಂದು ಎಡೆ. ತಾತನಿಗೆ ಹೊಸ ಪಂಚೆ ಇಟ್ಟರೆ ಚಿಕ್ಕಪ್ಪನಿಗೆ ಹನೂರಿನ ದರ್ಜಿ ಹೊಲಿದ ಹೊಸ ಖಾಕಿ ಅಂಗಿ. ಹಬ್ಬ ಮುಗಿದ ಮೇಲೆ ಆ ಅಂಗಿಯನ್ನು ಅಪ್ಪ ತೊಡಬೇಕು. ಹೀಗಾಗಿ ಅಪ್ಪ ಇಪ್ಪತ್ತೈದು ವರ್ಷ ಖಾಕಿಯಲ್ಲೇ ಹೊಲ ಉತ್ತ. ಒಮ್ಮೆ ರಾಮಾಪುರದ ಬಸ್ ಸ್ಟಾಪಿನಲ್ಲಿ ಅವನನ್ನು ಕಂಡು ಸೌದೆ ಹೊತ್ತು ಬರುತ್ತಿದ್ದ ಹೆಂಗಸರು ಹೊರೆ ಎಸೆದು ಓಡಿದರು. ಫಾರೆಸ್ಟ್ ಗಾರ್ಡ್ ಎಂದುಕೊಂಡಿದ್ದರು. ಆ ಹೊರೆಗಳನ್ನು ಕಾಯುತ್ತ ಅಪ್ಪ ಸಂಜೆಯವರೆಗೆ ಅಲ್ಲೇ ಕೂತಿದ್ದನಂತೆ.

ಧೂಪ ಹಾಕಿದ ಮೇಲೆ ತಾತನಿಗೆ ಅಡ್ಡಬೀಳುತ್ತೇವೆ. ಚಿಕ್ಕಪ್ಪನಿಗೆ ಮಾತ್ರ ಮನೆಮಂದಿಯೆಲ್ಲ ಸಾಲಾಗಿ ನಿಂತು ಸಲ್ಯೂಟ್ ಹೊಡೆಯುತ್ತೇವೆ. ಅದೂ ಎಡಗೈಯಲ್ಲಿ. ರಜೆಗೆ ಬಂದಾಗ ಅವನೇ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿಕೊಟ್ಟದ್ದಂತೆ. ನಾನಾಗ ಮೂರು ವರ್ಷದವಳು, ನೆನಪಿಲ್ಲ. ದೊಡ್ಡವಳಾಗಿ ಮೇಡಂ ಆದಮೇಲೆ, ಸಲ್ಯೂಟ್ ಬಲಗೈಯಲ್ಲಿ ಹೊಡೆಯಬೇಕು ಎಂದು ಒಂದು ಸಲ ಬಾಯಿಬಿಟ್ಟೆ.

"ನಿಂಗೆ ಕಲ್ಸ್ದೋನು ಡ್ರಿಲ್ ಮೇಷ್ಟ್ರು," ಎಂದಳು ಅತ್ತೆ. "ನಂಗೆ ಕಲ್ಸ್ದೋನು ಯುದ್ದ ಮಾಡ್ದೋನು. ಸುಮ್ಕೆ ಎಡ್ಗೈ ಎತ್ತು."

ಎತ್ತಿದೆ. ಇಷ್ಟೆಲ್ಲ ನಡೆದರೂ ಅತ್ತೆಯ ಎದೆಯಲ್ಲಿ ಒಂದು ಮುಳ್ಳು ಉಳಿದೇ ಇತ್ತು. ಕಡಲಾಚೆ ಸತ್ತವನಿಗೆ ಇಲ್ಲಿ ಇಟ್ಟ ಎಡೆ ಮುಟ್ಟುವುದಿಲ್ಲ ಎಂದು ಊರಿನ ಹಿರಿಯರೊಬ್ಬರು ಎಂದೋ ಅಂದಿದ್ದರು. ಅಂದವರು ಮರೆತು ಸತ್ತೂ ಹೋದರು, ಅತ್ತೆ ಮರೆಯಲಿಲ್ಲ. ಇಷ್ಟು ವರ್ಷ ತಮ್ಮ ಹಸಿದುಕೊಂಡೇ ಇದ್ದಾನೆ ಎಂಬುದು ಅವಳ ಲೆಕ್ಕ. ನಾನು ಇಂಗ್ಲಿಷಿನಲ್ಲಿ ನಾಲ್ಕೈದು ಆಫೀಸಿಗೆ ಕಾಗದ ಬರೆದೆ. ಸಿಂಗಪುರದ ಗುಡ್ಡವೊಂದರ ಮೇಲೆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಗೋಡೆಗಳಿವೆ, ನಿಮ್ಮವರ ಹೆಸರು ಇಂಥ ಗೋಡೆಯ ಇಂಥ ಸಾಲಿನಲ್ಲಿದೆ ಎಂದು ಉತ್ತರ ಬಂತು. ಸಂಬಳವಿಲ್ಲದ ರಜೆ ಹಾಕಿ ಅತ್ತೆಯ ಜೊತೆ ಹೊರಟೆ.

ಹಡಗು

ಮದರಾಸಿನಲ್ಲಿ ಹಡಗು ಹತ್ತಿದಾಗ ನಮ್ಮ ಬಳಿ ಒಂದು ಟ್ರಂಕು, ಬಾಣಂತಿಗೆ ಬೇಕಾದ ಔಷಧಿ ಸಾಮಾನಿನ ಡಬ್ಬ, ಹತ್ತು ಸೇರು ರಾಗಿ ಹಿಟ್ಟಿನ ಗಂಟು ಇದ್ದವು. ನಮಗೆ ಸಿಕ್ಕ ಜಾಗ ಡೆಕ್ಕಿನ ಮೇಲೆ. ಚಾಪೆ ಹಾಸಿದಷ್ಟು ನಮ್ಮದು. ಸುತ್ತಲೂ ರಬ್ಬರ್ ತೋಟಗಳಿಗೆ ಮರಳುತ್ತಿದ್ದ ತಮಿಳರು. ನಮ್ಮ ಗಡಿ ಕಡೆಯವರಿಗೆ ತಮಿಳು ಹೊಸದೇ? ಹೂಗ್ಯಂ ಕಡೆಯ ನೆಂಟರ ಮನೆಗಳಲ್ಲಿ ಓಡಾಡಿ ಕಲಿತ ತಮಿಳಿನಲ್ಲಿ ಅತ್ತೆ ಮೊದಲ ದಿನವೇ ಇಡೀ ಡೆಕ್ಕಿನ ನೆಂಟಳಾದಳು.

ಎರಡನೆಯ ದಿನ ಅಲೆ ಜೋರಾಯಿತು. ಹಡಗಿಗೆ ಹಡಗೇ ವಾಂತಿ ಮಾಡಿಕೊಂಡಿತು. ನಾನು ಕಂಬಿ ಹಿಡಿದು, ಇನ್ನು ಹನೂರು ಕಾಣುವುದಿಲ್ಲ ಎಂದು ಅಳುತ್ತಿದ್ದೆ. ಅತ್ತೆ ಎಲೆಅಡಿಕೆ ಜಗಿಯುತ್ತ ಎಲ್ಲರ ಬೆನ್ನು ನೀವುತ್ತ ತಿರುಗಿದಳು. ರಾಮಾಪುರದ ದಾರಿಯ ಗಾಡಿಯಲ್ಲಿ ಕೂತು ಬಂದವರಿಗೆ ಇದೊಂದು ಕುಲುಕಾಟವೇ ಎಂದು ಕೇಳುತ್ತಿದ್ದಳು.

ಅವಳಿಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ನಮ್ಮ ಕಾವೇರಿ ಎಲ್ಲಿಗೆ ಸೇರುತ್ತದೆ ಎಂದು ಕೇಳಿದಳು. ಇದೇ ಕಡಲಿಗೆ ಎಂದೆ. ಒಬ್ಬ ಖಲಾಸಿಯಿಂದ ಬಕೆಟ್ಟು ಇಳಿಬಿಡಿಸಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು.

"ಅಷ್ಟ್ ಸಿಹಿ ನೀರ ತಂದು ಇದ್ರೊಳೀಕೆ ಸುರೀತಾಳಾ! ಬುದ್ದಿ ಇಲ್ಲ ಕಣಮ್ಮಿ ಆ ಕಾವೇರವ್ವಂಗೆ."

ಆ ದಿನವೆಲ್ಲ ಕಾವೇರಿಯ ಮೇಲೆ ಮುನಿಸಿಕೊಂಡೇ ಇದ್ದಳು.

ಬಂದರು

ಸಿಂಗಪುರದ ಬಂದರಿನಲ್ಲಿ ಕಸ್ಟಮ್ಸಿನ ಚೀನೀ ಅಧಿಕಾರಿ ರಾಗಿ ಹಿಟ್ಟಿನ ಗಂಟು ಬಿಚ್ಚಿಸಿದ. ಕಂದು ಬಣ್ಣದ ಆ ಹಿಟ್ಟನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಬೆರಳಿನಿಂದ ಮುಟ್ಟಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಗಂಟನ್ನು ಬದಿಗಿಟ್ಟರು. ತಿನ್ನುವ ಹಿಟ್ಟು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಸಡಿಲವಾಗಲಿಲ್ಲ.

ಅತ್ತೆಗೆ ನನ್ನ ಇಂಗ್ಲಿಷಿನ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲ. ಮುಂದೆ ಬಂದು ಒಂದು ಹಿಡಿ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡಳು. ಒಣ ಹಿಟ್ಟು ಅಂಗುಳಕ್ಕೆ ಅಂಟಿತು. ನುಂಗಲು ನೋಡಿದಳು, ಕಣ್ಣು ಮೇಲಾಯಿತು, ಕೆಮ್ಮಿದಳು. ಅಧಿಕಾರಿಯ ಬಿಳಿ ಅಂಗಿ, ಟೋಪಿ, ಹುಬ್ಬು ಎಲ್ಲ ರಾಗಿಮಯವಾದವು. ಜೈಲು ಖಂಡಿತ ಎಂದುಕೊಂಡೆ. ಅವನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ನೀರು ತರಿಸಿ ಅತ್ತೆಗೆ ಕುಡಿಸಿದ. ಗಂಟನ್ನು ತಾನೇ ಕಟ್ಟಿಕೊಟ್ಟ.

"ಒಳ್ಳೇ ಮಗ," ಎಂದು ಅತ್ತೆ ಅವನ ಹುಬ್ಬನ್ನು ಸೆರಗಿನಿಂದ ಒರೆಸಿದಳು.

ಕೆಳಗಿನ ಮನೆ

ಅಕ್ಕನ ಮನೆ ಅಂಗಡಿ ಸಾಲಿನ ಮಹಡಿಯ ಮೇಲೆ. ಕೆಳಗೆ ಮನೆಯೊಡತಿ, ಚೀನೀ ಮುದುಕಿ. ಅತ್ತೆಯ ವಯಸ್ಸೇ, ಅತ್ತೆಯ ಗಾತ್ರದ ಅರ್ಧ. ನಾವು ಇಳಿದ ವಾರದಲ್ಲೇ ಒಂದು ಸಂಜೆ ಅವಳು ಬೀದಿಯ ಅಂಚಿನಲ್ಲಿ ಅನ್ನ, ಹಣ್ಣು, ಬೇಯಿಸಿದ ಕೋಳಿ ಇಟ್ಟು ಊದುಬತ್ತಿ ಹಚ್ಚಿದಳು. ಬೀದಿಯುದ್ದಕ್ಕೂ ಹಾಗೇ ಇಟ್ಟಿದ್ದರು. ಸತ್ತವರು ಈ ತಿಂಗಳು ಮನೆಗೆ ಬರುತ್ತಾರಂತೆ, ಅವರಿಗೆ ಊಟ ಎಂದು ಭಾವ ವಿವರಿಸಿದ. ಆಮೇಲೆ ಮುದುಕಿ ಕಾಗದದಲ್ಲಿ ಮಾಡಿದ ಅಂಗಿ, ಚಪ್ಪಲಿಗಳನ್ನು ತಂದು ತಗಡಿನ ಡಬ್ಬದಲ್ಲಿ ಸುಟ್ಟಳು.

ಅತ್ತೆ ಕಿಟಕಿಯಿಂದ ನೋಡುತ್ತಲೇ ಇದ್ದಳು.

"ಇವ್ರೂ ನಮ್ಮೋರೇ ಕಣಮ್ಮಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಅಂಗೀನ ಸುಟ್ಟೇ ಬುಡ್ತಾರಲ್ಲ, ಬದ್ಕಿರೋರ್ಗೆ ಬ್ಯಾಡ್ವಾ?"

ಮರುದಿನದಿಂದ ಇಬ್ಬರೂ ಗೆಳತಿಯರು. ಒಬ್ಬಳದು ಬಂಡಳ್ಳಿ ಕನ್ನಡ, ಇನ್ನೊಬ್ಬಳದು ಚೀನಿ. ಮೊಗಸಾಲೆಯಲ್ಲಿ ಎದುರುಬದುರು ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಜಗಳಕ್ಕೂ ದಾರಿಯಿರಲಿಲ್ಲ. ನಮ್ಮೂರಿನಲ್ಲಿ ಒಂದೇ ಭಾಷೆಯ ವಾರಗಿತ್ತಿಯರು ಹೀಗಿದ್ದದ್ದನ್ನು ನಾನು ಕಂಡಿಲ್ಲ.

ಅಕ್ಕನಿಗೆ ಗಂಡುಮಗು. ಬಾಣಂತನ ಸುಸೂತ್ರವಾಗಿ ನಡೆಯಿತು. ಅಷ್ಟರಲ್ಲಿ ಮಾಲಯ ಅಮಾವಾಸ್ಯೆ ಬಂತು. ಅತ್ತೆ ಬೆಳಗಿನ ಜಾವವೇ ಮಿಂದು ಹುರುಳಿಕಾಳು ಬೇಯಲಿಟ್ಟಳು. ಚಿಕ್ಕಪ್ಪನಿಗೆ ಪ್ರಾಣವಾಗಿದ್ದದ್ದು ಬಿಸಿ ಮುದ್ದೆ, ಹುರುಳಿ ಉಪ್ಸಾರು, ಮೇಲೆ ಖಾರ. ಉಪ್ಸಾರು ಆಯಿತು. ಮುದ್ದೆ ಕೈಕೊಟ್ಟಿತು. ಅಕ್ಕನ ಸೀಮೆಎಣ್ಣೆ ಸ್ಟವ್ವಿನ ಮೇಲೆ ತೆಳ್ಳನೆಯ ಅಲ್ಯುಮಿನಿಯಂ ಪಾತ್ರೆ ಕೋಲು ಹಾಕಿದೊಡನೆ ಗಿರಕಿ ಹೊಡೆಯಿತು. ಮೊದಲ ಸಲ ಗಂಟುಗಂಟಾಯಿತು, ಎರಡನೆಯ ಸಲ ಪಾತ್ರೆಯೇ ಮಗುಚಿತು. ಅತ್ತೆ ನೆಲದ ಮೇಲೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ಸದ್ದಿಗೆ ಕೆಳಗಿನ ಮುದುಕಿ ಹತ್ತಿಬಂದಳು. ನೆಲ ನೋಡಿದಳು, ಅತ್ತೆಯನ್ನು ನೋಡಿದಳು. ಇಳಿದುಹೋಗಿ ದಪ್ಪ ಕಬ್ಬಿಣದ ದೊಡ್ಡ ಬಾಣಲೆಯನ್ನೂ ತೋಳಿನಷ್ಟು ಉದ್ದದ ಮರದ ಕೋಲನ್ನೂ ಹೊತ್ತು ತಂದಳು. ಬಾಣಲೆಯ ಎರಡೂ ಕಿವಿಗಳನ್ನು ಬಟ್ಟೆಯಿಂದ ಹಿಡಿದು, ಕಾಲು ಅಗಲಿಸಿ ನಿಂತಳು. ಅತ್ತೆ ಕೋಲು ಹಾಕಿ ತಿರುವಿದಳು. ಒಬ್ಬಳು ಚೀನಿಯಲ್ಲಿ, ಇನ್ನೊಬ್ಬಳು ಕನ್ನಡದಲ್ಲಿ ಬಾಣಲೆಗೆ ಬೈಯುತ್ತಿದ್ದರು. ಎರಡು ಮುದ್ದೆ ಎದ್ದವು, ನುಣ್ಣಗೆ. ಅಂಥ ಮುದ್ದೆಯನ್ನು ನಾನು ನಮ್ಮೂರಿನಲ್ಲೂ ಕಂಡಿರಲಿಲ್ಲ.

ಗುಡ್ಡ

ಭಾವ ಬಸ್ಸು ಹತ್ತಿಸಿದ. ಮುದ್ದೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಕಂಬಳಿ ತುಂಡು ಸುತ್ತಿ ಅತ್ತೆ ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದ ಮಲಯದ ಹೆಂಗಸು ಮಗುವೆಂದುಕೊಂಡು ಸೀಟು ಬಿಟ್ಟುಕೊಟ್ಟು ಮುಖ ನೋಡಲು ಬಗ್ಗಿದಳು. ಅತ್ತೆ ಕಂಬಳಿ ಸರಿಸಿ ತೋರಿಸಿದಳು. ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.

ಗುಡ್ಡ ಹಸಿರಾಗಿತ್ತು. ಸಮಾಧಿಯ ಬಿಳಿಯ ಕಲ್ಲುಗಳು ಸಾಲುಸಾಲಾಗಿ ನಿಂತಿದ್ದವು. ಮೇಲೆ ಎತ್ತರದ ಗೋಡೆಗಳು, ಅವುಗಳ ತುಂಬ ಹೆಸರು. ಬೆಳೆದ ಹುಲ್ಲಿಗೆ ಒಂದು ದನವೂ ಬಾಯಿ ಹಾಕಿಲ್ಲವಲ್ಲ ಎಂದು ಅತ್ತೆಗೆ ಆಶ್ಚರ್ಯ. ಕಾವಲುಗಾರ ಬಂದ. ಬಿಳಿ ಮೀಸೆಯ ನೆಟ್ಟನೆಯ ಮನುಷ್ಯ, ಹೆಸರು ವೇಲಾಯುಧಂ. ಧರ್ಮಪುರಿ ಕಡೆಯವನು, ಯುದ್ಧದಲ್ಲಿ ಸೆರೆಸಿಕ್ಕು ಬದುಕಿ ಇಲ್ಲೇ ಉಳಿದ ಸಿಪಾಯಿ. ನನ್ನ ಚೀಟಿ ನೋಡಿ ಗೋಡೆಯ ಬಳಿಗೆ ಕರೆದೊಯ್ದ. ಬೆರಳಿಟ್ಟು ತೋರಿಸಿದ. ಇಂಗ್ಲಿಷ್ ಅಕ್ಷರಗಳಲ್ಲಿ ಮಾದಯ್ಯ.

ಅತ್ತೆಗೆ ಓದು ಬರುವುದಿಲ್ಲ. ಅಕ್ಷರಗಳ ಗುಂಟ ಬೆರಳಾಡಿಸಿದಳು, ಮಗುವಿನ ಕೆನ್ನೆ ಸವರುವ ಹಾಗೆ. ಆಮೇಲೆ ಬಾಳೆಲೆ ಬಿಚ್ಚಿದಳು.

"ಇಂಗೆ ಸಾಪ್ಪಾಡು ವೈಕ್ಕ ಕೂಡಾದಮ್ಮಾ," ಎಂದ ವೇಲಾಯುಧಂ. ಊಟ ಇಡುವ ಹಾಗಿಲ್ಲ, ಇರುವೆ ಬರುತ್ತದೆ, ಹಕ್ಕಿ ಬರುತ್ತದೆ, ಬೋರ್ಡು ನೋಡಿ, ಹೂವು ಮಾತ್ರ ಇಡಬಹುದು.

"ಹೂವ ತಿಂದ್ರೆ ಹೊಟ್ಟೆ ತುಂಬ್ತದಾ?" ಅತ್ತೆ ಕನ್ನಡದಲ್ಲೂ ಕೇಳಿದಳು, ತಮಿಳಿನಲ್ಲೂ ಕೇಳಿದಳು. ಅವನು ಆಗದೆಂದು ತಲೆಯಾಡಿಸಿದ. ನಾನು ಬೇಡಿಕೊಂಡೆ. ಇಷ್ಟು ದೂರದಿಂದ ಬಂದಿದ್ದೇವೆ, ಇವಳು ಇನ್ನೊಮ್ಮೆ ಕಡಲು ದಾಟುವವಳಲ್ಲ ಎಂದೆ. ರೂಲು ರೂಲೇ ಎಂದ. ನನಗೆ ಅವನ ಮೀಸೆ ಹಿಡಿದೆಳೆಯುವಷ್ಟು ಸಿಟ್ಟು ಬಂತು.

ಅತ್ತೆ ಬಾಳೆಲೆ ಮಡಿಸಿದಳು. "ಓಗ್ಲಿ ಬುಡು. ಸಲ್ಯೂಟ್ ಆದ್ರೂ ಒಡೆಯಾನ ಬಾ," ಎಂದಳು. ಧ್ವನಿ ಸೋತಿತ್ತು. ಇಬ್ಬರೂ ಗೋಡೆಯ ಎದುರು ನೆಟ್ಟಗೆ ನಿಂತು ಸಲ್ಯೂಟ್ ಹೊಡೆದೆವು.

"ಎಡಗೈ! ಎಡಗೈ!" ಎಂದು ವೇಲಾಯುಧಂ ಓಡಿಬಂದ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ. ಇದೇನಮ್ಮಾ, ಸಿಪಾಯಿಗಳಿಗೆ ಎಡಗೈ ತೋರಿಸುತ್ತೀರಾ, ಯಾರು ಹೇಳಿಕೊಟ್ಟರು ಎಂದ.

"ಇವ್ನೇ," ಎಂದು ಅತ್ತೆ ಗೋಡೆ ತೋರಿಸಿದಳು. ರಜೆಗೆ ಬಂದದ್ದು, ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದ್ದು, ಮರುದಿನ ಮುಂಜಾನೆಯೇ ಬಸ್ಸು ಹಿಡಿದದ್ದು ಎಲ್ಲ ಹೇಳಿದಳು. ಇಪ್ಪತ್ತೈದು ವರ್ಷದಿಂದ ಮನೆಮಂದಿಯೆಲ್ಲ ಹೀಗೇ ಹೊಡೆಯುತ್ತೇವೆ, ನಮ್ಮ ಹುಡುಗ ತಪ್ಪು ಕಲಿಸುವವನಲ್ಲ ಎಂದಳು.

ವೇಲಾಯುಧಂ ಅತ್ತೆಯ ಎದುರಿಗೆ ಬಂದು, ಹಿಮ್ಮಡಿ ಜೋಡಿಸಿ, ತಾನು ಬಲಗೈ ಎತ್ತಿ ಸಲ್ಯೂಟ್ ಹೊಡೆದ. ಅತ್ತೆಯ ಎಡಗೈ ತಾನಾಗಿ ಮೇಲೆದ್ದಿತು. ಎರಡು ಕೈಗಳೂ ಕನ್ನಡಿಯಲ್ಲಿ ಕಂಡಂತೆ ಒಂದೇ ಪಕ್ಕದಲ್ಲಿ, ಎದುರೆದುರು ನಿಂತವು. ನಾನು ಮೇಡಂ ಆಗಿ ಇಷ್ಟು ವರ್ಷವಾದರೂ ನನಗೆ ಹೊಳೆಯದ ಸಂಗತಿ ಅದು.

"ಅವನು ನಿಮ್ಮ ಎದುರಿಗೆ ನಿಂತಿದ್ದನಮ್ಮಾ," ಎಂದ ವೇಲಾಯುಧಂ. "ನೀವು ಅವನನ್ನು ನೋಡಿಕೊಂಡೇ ಕೈ ಎತ್ತಿದ್ದೀರಿ. ಈಗಲೂ ಹಾಗೇ ಎತ್ತುತ್ತೀರಿ. ತಿದ್ದಿಕೊಳ್ಳಬೇಡಿ."

ಅತ್ತೆ ನಕ್ಕಳು. ಅವನೂ ನಕ್ಕ, ಮೀಸೆಯೆಲ್ಲ ಒದ್ದೆಯಾಗುವಷ್ಟು. ಕಣ್ಣೊರೆಸಿಕೊಂಡು, ಗುಡ್ಡದ ಆ ಕಡೆ ಹುಲ್ಲು ನೋಡಿ ಬರಲು ತನಗೆ ಅರ್ಧ ಗಂಟೆ ಬೇಕು, ಎಲೆ ಗೋಡೆಗೆ ತಾಗಬಾರದು, ಹೋಗುವಾಗ ಒಂದು ಚೂರೂ ಉಳಿಯಬಾರದು ಎಂದ. ಆದರೆ ಹೋಗಲಿಲ್ಲ. ಹತ್ತು ಹೆಜ್ಜೆ ಆಚೆ ನಿಂತೇ ಇದ್ದ.

ಅತ್ತೆ ಎಲೆ ಹಾಸಿ ಮುದ್ದೆ ಇಟ್ಟಳು. ಗುಳಿ ಮಾಡಿ ಉಪ್ಸಾರು ಬಿಟ್ಟಳು, ಖಾರ ಹಚ್ಚಿದಳು. "ಉಣ್ಲಾ ಮಾದಯ್ಯ. ತಡ ಆಯ್ತು, ಕ್ವಾಪ ಮಾಡ್ಕಬ್ಯಾಡ," ಎಂದಳು. ಇಷ್ಟು ವರ್ಷದ ಭಾರ ಇಳಿಯಿತೇನೋ, ಗೋಡೆಗೆ ಬೆನ್ನು ತಾಗದಂತೆ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಮುಖ ನೋಡಿ ನನಗೆ ಹೇಳಲಾರದ ಸಂತೋಷವಾಯಿತು. ಬಂದ ಕೆಲಸ ಮುಗಿಯಿತು ಎಂದುಕೊಂಡೆ.

"ಇವ್ನ್ ಪಕ್ಕದೋನ್ ಯಾರಮ್ಮಿ?"

ಓದಿದೆ. "ಮುನಿಸ್ವಾಮಿ."

"ಅವ್ನ ಮನೆಯೋರು ಬಂದಿದ್ರಾ?"

ವೇಲಾಯುಧಂ ಹತ್ತಿರ ಬಂದ. ತಾನು ಇಲ್ಲಿಗೆ ಬಂದ ಮೇಲೆ ಈ ಸಾಲಿಗೆ ಬಂದ ಮೊದಲ ಮನೆಯವರು ನೀವೇ ಎಂದ.

ಅತ್ತೆ ದಡಬಡಿಸಿ ಎದ್ದಳು. "ಅಯ್ಯೋ ಶಿವನೇ! ಸಾಲಾಗ್ ಕೂತೋರ್ನ ಬುಟ್ಟು ಒಬ್ಬನ್ಗೇ ಬಡಸ್ತಾರಾ? ಪಂಕ್ತಿಭೇದ ಮಾಡಿಸ್ಬುಟ್ಯಲ್ಲಮ್ಮಿ ನನ್ ಕೈಲಿ!"

ನಮ್ಮಿಬ್ಬರ ಊಟಕ್ಕೆಂದು ತಂದಿದ್ದ ಎರಡನೆಯ ಮುದ್ದೆಯನ್ನು ಬಿಚ್ಚಿದಳು. ಇನ್ನೊಂದು ಎಲೆ ಹಾಸಿದಳು. ಓದು ಎಂದಳು. ನಾನು ಒಂದೊಂದೇ ಹೆಸರು ಓದಿದೆ, ಅವಳು ಒಂದೊಂದು ತುತ್ತು ಮುರಿದು ಉಪ್ಸಾರಿನಲ್ಲಿ ಅದ್ದಿ ಇಟ್ಟಳು. ಮುನಿಸ್ವಾಮಿ, ಅಬ್ದುಲ್ ರಹೀಂ, ಚಿನ್ನಪ್ಪನ್. ವೇಲಾಯುಧಂ ತನಗೆ ತಿಳಿದಷ್ಟು ಹೇಳುತ್ತಿದ್ದ: ಇವನು ಸೇಲಂ ಕಡೆ, ಇವನು ಮಲಬಾರು. ಕರ್ತಾರ್ ಸಿಂಗ್ ಪಂಜಾಬಿನವನು ಎಂದಾಗ ಅತ್ತೆ ತುತ್ತನ್ನು ಇನ್ನಷ್ಟು ಸಣ್ಣಗೆ ಮುರಿದಳು. "ಅವ್ರ ಕಡೆ ನುಂಗಾಕೆ ಬರಾಕಿಲ್ಲ. ಅಗಿಯಾಕೋಗಿ ಹಲ್ಲಿಗೆ ಅಂಟಿಸ್ಕೊಂಡಾನು." ಅವಳಿಗೆ ಬಂದರಿನ ಅನುಭವವಿತ್ತು. ಅರ್ಧ ಗಂಟೆ ಎಂದೋ ಕಳೆದಿತ್ತು. ವೇಲಾಯುಧಂ ಗಡಿಯಾರ ನೋಡಲಿಲ್ಲ. ಮುದ್ದೆ ಕರಗುತ್ತ ಬಂತು, ತುತ್ತುಗಳು ಅವರೆಕಾಳಿನಷ್ಟಾದವು, ಸಾಲು ಮುಗಿಯುತ್ತಿರಲಿಲ್ಲ. ಬೇಗ ಮುಗಿಸೋಣವೆಂದು ನಾನು ಒಂದೇ ಉಸಿರಿಗೆ ಓದತೊಡಗಿದೆ.

"ಏ ಅಮ್ಮಿ," ಅತ್ತೆ ಗದರಿದಳು. "ಇಸ್ಕೂಲ್ನಲ್ಲಿ ಆಜ್ರಿ ಕೂಗ್ದಂಗೆ ಕೂಗ್ತೀಯಲ್ಲ! ಉಣ್ಣಾಕ್ ಕರ್ದಂಗೆ ಕರಿ. ಎಷ್ಟ್ ವರ್ಸ ಆಗದೋ ಯಾರಾದ್ರೂ ಕರ್ದು."

ವೇಲಾಯುಧಂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅತ್ತೆ ಮುರಿದ ತುತ್ತನ್ನು ಬೆರಳಲ್ಲಿ ಹಿಡಿದು ಕಾಯುತ್ತಿದ್ದಳು. ನಾನು ಚಿಕ್ಕಪ್ಪನ ಪಕ್ಕದ ಹೆಸರಿನ ಬಳಿಗೆ ಹೋಗಿ ನಿಂತು, ಗುಡ್ಡದ ಮೇಲೆಲ್ಲ ಕೇಳುವ ಹಾಗೆ ಮತ್ತೆ ಶುರುಮಾಡಿದೆ.

"ಮುನಿಸ್ವಾಮಣ್ಣ, ಕೈ ತೊಳ್ಕೊಂಡು ಬಾ, ಮುದ್ದೆ ಆರೋಗ್ತದೆ."